ನಡುವಿನ ನಲವತ್ತು ನಿಮಿಷ

ಹೋದವನಿಗೆ ಚಪ್ಪಾಳೆ ತಟ್ಟಿ
ಮೂಗೊರೆಸಿಕೊಳ್ಳುತ್ತ ಸಿಬ್ಬಂದಿ ಮೇಜಿಗೆ ಮರಳಿದ್ದಾರೆ.
ಕಪ್ಪು ಬಾಗಿಲು ಮುಚ್ಚಿದೆ.
ಹೊರಗಿನಿಂದ ಅದು ಯಾರಿಗೂ ತೆರೆಯುವುದಿಲ್ಲ,
ಒಳಗಿದ್ದವರು ತೆರೆದರೆ ಉಂಟು.

ಹಿಂಬದಿಯಲ್ಲಿ ಲಾರಿ, ಹಗ್ಗ ಬಿಗಿಯುವ ಇಬ್ಬರು.
ಮಗುವಿನ ಸೈಕಲ್ಲು, ಮೀನಿಲ್ಲದ ಗಾಜಿನ ತೊಟ್ಟಿ,
ಇವತ್ತು ಬೆಳಗಿನವರೆಗೂ ದೇಶವಾಳಿದವನ
ಇಸ್ತ್ರಿ ಕಾಣದ ಅಂಗಿಗಳು.

ಫೋನಿನ ಮೇಜಿನಲ್ಲಿ ಐಲೀನ್ ಪಾಸ್ಕೋ,
ಇಪ್ಪತ್ತೊಂಬತ್ತು ವರ್ಷದ ನೌಕರಿ.
ಹೀಗೆ ಹೋದವರನ್ನು ಎಣಿಸುವುದು ಬಿಟ್ಟಿದ್ದಾಳೆ.
ಕೆಲವರು ಜನರ ಮತದಿಂದ ಹೋದರು,
ಕೆಲವರು ತಮ್ಮವರೇ ತಳ್ಳಿ.
"ಎದುರಿಗೆ ಕೂತವರು ಬರೀ ಕೂಗುತ್ತಾರೆ" ಅನ್ನುತ್ತಾಳೆ,
"ಕಣ್ಣಿಡಬೇಕಾದ್ದು ಬೆನ್ನ ಹಿಂದಿನ ಬೆಂಚಿನ ಮೇಲೆ."

ಈಗ ಅರಮನೆಯಲ್ಲಿ ಒಬ್ಬ ಇಳಿದಿದ್ದಾನೆ,
ಇನ್ನೊಬ್ಬಳು ಏರಿಲ್ಲ.
ಅವಳ ಸಾದಾ ಕಾರು ಇನ್ನೂ ದಾರಿಯಲ್ಲಿದೆ,
ಮಡಿಲಲ್ಲಿ ಮುನ್ನೂರ ಮೂವತ್ತೊಂದು ಹೆಸರಿನ ಪಟ್ಟಿ.
ಅದರಲ್ಲಿ ಏಳು ಜನ ಮುನಿದು ಆಚೆ ಸಾಲಿಗೆ ಹೋದರೆ ಮುಗಿಯಿತು.
ಆ ಏಳು ಜನ ಯಾರೆಂದು ಅವಳಿಗೆ ಆಗಲೇ ಗೊತ್ತು.
ರಾಜ ಕೊಡುತ್ತಾನೆ; ಕೊಡದೆ ಇರುವ ಹಾಗಿಲ್ಲ.
ಕೈಗೆ ಮುತ್ತಿಡುವುದು ಅಂತ ಆ ವಿಧಿಯ ಹೆಸರು,
ಮುತ್ತಿಡುವವರು ಯಾರೂ ಇಲ್ಲ.
ಹೆಸರು ಮಾತ್ರ ಇನ್ನೂ ನೌಕರಿಯಲ್ಲಿದೆ.

ಫೋನು ಬಡಿದುಕೊಂಡಿತು.
ರಕ್ಷಣಾ ಇಲಾಖೆಯ ಹೊಸ ಹುಡುಗ, ದನಿಯಲ್ಲೇ ಬೆವರು:
"ಪ್ರಧಾನಿಯವರ ಗಮನಕ್ಕೆ ಒಂದು ಕಡತ. ಯಾರಿಗೆ ಕೊಡಲಿ?"
"ಹನ್ನೆರಡರ ಮೇಲೆ ಮಾಡಪ್ಪ."
"ಈಗ?"
"ಈಗ ಯಾರೂ ಇಲ್ಲ."
"ಯಾರೂ?"
"ಮಂತ್ರಿಗಳಿದ್ದಾರೆ, ಮೊಹರು ಇನ್ನೂ ಅವರ ಹತ್ತಿರವೇ ಇದೆ.
ರಾಜ ಇದ್ದಾನೆ. ನಾನಿದ್ದೇನೆ. ಟೀ ಕುಡಿದು ಬಾ."

ಒಳಗೆ ಉದ್ದ ಮೇಜಿನ ಕೋಣೆಯಲ್ಲಿ
ಡೆಸ್ಮಂಡ್ ಆಪಿಯಾ ಧೂಳು ಒರೆಸುತ್ತಿದ್ದಾನೆ.
ತೋಳಿರುವುದು ಅದೊಂದೇ ಕುರ್ಚಿಗೆ.
ಹದಿನೇಳು ವರ್ಷ ಒರೆಸಿದ್ದಾನೆ, ಕೂತಿಲ್ಲ.
ಇವತ್ತು ಅದು ಯಾರದ್ದೂ ಅಲ್ಲ, ಬಾಗಿಲು ಮುಂದಾಗಿದೆ,
ಬಟ್ಟೆ ಹಿಡಿದ ಕೈ ತೋಳಿನ ಮೇಲೆ ಒಂದು ಗಳಿಗೆ ನಿಂತಿತು.
ಕೂರಲಿಲ್ಲ.
ಯಾರು ತಡೆದರು? ಯಾವ ಕಾಯಿದೆಯಲ್ಲೂ ಇದು ಬರೆದಿಲ್ಲ.
ಈ ದೇಶದ ಸಂವಿಧಾನ ಬಹುಪಾಲು ಇಷ್ಟೇ:
ಕೂರಬಹುದಾಗಿದ್ದವನು ಕೂರದೆ ಇರುವುದು.

ಬಂದವಳು ಬೇಗ ನಾಲ್ಕು ಕಾಗದ ಬರೆಯಬೇಕು, ಸ್ವಂತ ಕೈಯಲ್ಲಿ,
ನೀರಿನಡಿ ಓಡಾಡುವ ನಾಲ್ಕು ಹಡಗಿನ ಕಪ್ತಾನರಿಗೆ:
ನಾವೆಲ್ಲ ಬೂದಿಯಾದ ಮೇಲೆ ನೀವು ಮಾಡಬೇಕಾದ್ದು ಇದು, ಅಂತ.
ಹೋದವನ ನಾಲ್ಕನ್ನು ಒಡೆಯದೆ ನಾಶಮಾಡುತ್ತಾರೆ.
ಏನು ಬರೆದಿದ್ದನೋ.
ಸೇತುವೆಯ ಟೋಲಿಗೆ ರಾತ್ರಿ ಎರಡರವರೆಗೆ ಗುದ್ದಾಡಿದ ಸದನ
ಈ ನಾಲ್ಕು ಲಕೋಟೆಯ ಮುಂದೆ ತೆಪ್ಪಗಿದೆ.

ಹನ್ನೆರಡೂ ಹತ್ತು. ಬಾಗಿಲು ತೆರೆಯಿತು, ಒಳಗಿನಿಂದ.
ಅವೇ ಅಂಗೈಗಳು, ಬೆಳಗಿನ ಕಣ್ಣೀರಿನ ಪಸೆ ಇನ್ನೂ ಆರಿಲ್ಲ,
ಮತ್ತೆ ಚಪ್ಪಾಳೆ.
ನಕ್ಕಳು, ಕೈ ಕುಲುಕಿದಳು,
ಯಾರೋ ಕೋಟು ಇಸಿದುಕೊಂಡರು.
ಆಮೇಲೆ ಕೋಣೆಯಲ್ಲಿ ಫೋನಿನೆದುರು ನಿಂತು
ಬಾಗಿಲಲ್ಲಿದ್ದ ಐಲೀನಳನ್ನು ಕೇಳಿದಳು:
"ಇದರಲ್ಲಿ ಯಾವ ಗುಂಡಿ ಒತ್ತಬೇಕು?"

"ಯಾವುದೂ ಇಲ್ಲ ಮೇಡಂ. ಎತ್ತಿ, ಯಾರು ಬೇಕು ಹೇಳಿ.
ಸಿಗುತ್ತಾರೆ."

ಐಲೀನ್ ತನ್ನ ಜಾಗಕ್ಕೆ ಬರುವಷ್ಟರಲ್ಲಿ ದೀಪ ಹತ್ತಿತ್ತು.
ಕಿವಿಗಿಟ್ಟುಕೊಂಡಳು.
ಆ ಕಡೆಯಿಂದ ಮಾತಿಲ್ಲ.
ಉಸಿರು ಮಾತ್ರ, ಮೆಟ್ಟಿಲು ಹತ್ತಿ ಬಂದವರದ್ದು.