ಕಿವಿಗೋಲು

ರಾತ್ರಿ ಎರಡಕ್ಕೆ ಊರಿಗೆ ಬಾಯಾರಿಕೆ ಇರುವುದಿಲ್ಲ.
ಆಗಲೂ ಮೀಟರಿನ ಮುಳ್ಳು ನಡೆದರೆ
ಕುಡಿಯುತ್ತಿರುವುದು ಮಣ್ಣು.

ಅದಕ್ಕೇ ಈ ಹೊತ್ತು. ಬೇಕೆಂದೇ ಲೈನು ಚಾರ್ಜ್ ಮಾಡಿಸಿ
ಭಟ್ಟಿ ಓಣಿಯ ನಲ್ಲಿಗಳನ್ನೆಲ್ಲ ಬಂದ್ ಮಾಡಿಸಿ
ದಾದಾಪೀರ್ ಮುಂದೆ, ನಾನು ಹಿಂದೆ,
ನಡುವೆ ಒಂದು ಕಬ್ಬಿಣದ ಕೋಲು:
ಒಂದು ತುದಿ ರಸ್ತೆಗೆ, ಇನ್ನೊಂದು ಕಿವಿಗೆ.

ವಾರದಿಂದ ಇಲ್ಲಿ ಮಕ್ಕಳಿಗೆ ವಾಂತಿ ಭೇದಿ. ಹನ್ನೊಂದು ಮನೆ.
ರಾಜನಹಳ್ಳಿಯಲ್ಲಿ ಎತ್ತಿದ ಹೊಳೆ
ಆಲಂ ಕುಡಿದು, ಮರಳಲ್ಲಿ ಸೋಸಿ, ಕ್ಲೋರಿನ್ ಹೊತ್ತು
ಇಷ್ಟು ದೂರ ನೆಟ್ಟಗೇ ಬಂದಿದೆ. ಆದರೆ ಈ ಓಣಿಯ ಬಾಟಲಿಗೆ
ಹನಿ ಬಿಟ್ಟರೆ ಹಳದಿ ಬರಬೇಕು, ಬರಲಿಲ್ಲ.
ತಿಳಿಯಾಗಿಯೇ ನಿಂತಿತು ನೀರು,
ಕಲಿಸಿಕೊಟ್ಟ ಸಾಕ್ಷಿಯ ಹಾಗೆ.

‘ಸದ್ದು ಕೇಳಿದ್ರೆ ಸಾಲದು ಮೇಡಂ, ಸದ್ದಿನ ವಯಸ್ಸು ಕೇಳ್ಬೇಕು.
ಹೊಸ ತೂತು ಸೀಟಿ ಹೊಡಿತೈತಿ, ಹಳೇದು ಗುನುಗತೈತಿ,
ಚರಂಡಿ ಮಾತ್ರ ಚಪ್ಪರಿಸತೈತಿ, ಉಂಡೆದ್ದ ಮುದುಕನಂಗೆ.’
ಇಪ್ಪತ್ತೆಂಟು ವರ್ಷದ ದಿನಗೂಲಿ.
ವಾಲ್ವಿನ ಕೀಲಿ ಹೊತ್ತು ಹೊತ್ತು ಎಡ ಭುಜ ತಗ್ಗಾಗಿದೆ.
ಅವನಿಗೆ ನಕ್ಷೆ ಓದಲು ಬಾರದು.
ನಕ್ಷೆಗೂ ಅವನು ಗೊತ್ತಿಲ್ಲ.

ಎದುರಿನ ಭಟ್ಟಿಗೆ ಆಗಲೇ ಬೆಂಕಿ. ರೆಹಮತ್‌ಬೀ ಹೊಟ್ಟು ತುರುಕುತ್ತಾಳೆ,
ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಿಟಪಟ
ಕೋಲಿನೊಳಗೂ ಇಳಿಯಿತು, ಮಳೆ ಬಂದಂತೆ.
‘ಒಂದು ಗಳಿಗೆ ನಿಲ್ಲಿಸ್ತೀರಾ?’
ಮರಳು ಆರಿದರೆ ಒಂದು ಮೂಟೆ ಕೆಡುತ್ತದೆ.
ನಿಲ್ಲಿಸಿದಳು. ಮೊಮ್ಮಗಳು ಸರ್ಕಾರಿ ಆಸ್ಪತ್ರೆಯಲ್ಲಿ
ಬಾಟಲಿಯ ಕೆಳಗೆ ಮಲಗಿದ್ದಾಳೆ.

ಆಗ ಕೇಳಿತು.
ಗುನುಗೂ ಚಪ್ಪರಿಕೆಯೂ ಒಂದೇ ಕಡೆ.

ಅಗೆದೆವು. ಮೂರಡಿಗೆ ಹಸಿ ಮಣ್ಣು, ನಾಲ್ಕಡಿಗೆ ನಾತ,
ಆಮೇಲೆ ಟಾರ್ಚಿನ ಬೆಳಕಲ್ಲಿ ಎರಡು ಕೊಳವೆ,
ಊರಿಗೆ ಬರುವುದೂ ಊರಿಂದ ಹೋಗುವುದೂ
ಒಂದರ ಮೇಲೊಂದು ಕಾಲು ಹಾಕಿ ಮಲಗಿದ್ದವು.
ಒಂದರ ಜಾಯಿಂಟಿನಲ್ಲಿ ಬಳೆ ತೂರುವಷ್ಟು ಬಿರುಕು.
ಹರಿವಾಗ ಸೋರುವುದು, ನಿಂತಾಗ ಹೀರುವುದು,
ಕೊಳವೆ ಕಲಿತ ವಿದ್ಯೆ ಇಷ್ಟೇ.
ಎಂಟು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ
ಏಳು ದಿನ ಅದು ಏನನ್ನು ಹೀರಬೇಕು?

ಆಫೀಸಿನ ಬೀರುವಿನಲ್ಲಿ ಅಳತೆ ಪುಸ್ತಕ, ಪುಟ ನಲವತ್ತೇಳು:
‘ಕೊಳವೆಗಳ ನಡುವಿನ ಅಂತರ ಮೂರು ಮೀಟರ್. ಪರಿಶೀಲಿಸಿದೆ.’
ಕೆಳಗೆ ಹೊಸದಾಗಿ ಕೆಲಸಕ್ಕೆ ಸೇರಿದವಳೊಬ್ಬಳ ದುಂಡು ಸಹಿ,
ಎಚ್. ಕೆ. ವನಜಾಕ್ಷಿ.
ನಾನೇ.
ಓಣಿಯ ಅಗಲವೇ ಎರಡೂವರೆ ಮೀಟರ್.

ಬಿಸಿಲಿತ್ತು. ಕಂಟ್ರಾಕ್ಟರನ ಜೀಪಿನಲ್ಲೇ ಕೂತು
ಬೆಣ್ಣೆದೋಸೆ ತಿಂದ ಬೆರಳು ಒರೆಸಿ ರುಜು ಹಾಕಿದ್ದೆ.
ಆ ಕಲೆ ಪುಟದಲ್ಲಿ ಇನ್ನೂ ಇದೆ,
ಅಲ್ಲಿ ಮಾತ್ರ ಕಾಗದದ ಆಚೆ ಬದಿ ಕಾಣುತ್ತದೆ.

ಹೇಳಬೇಕೆಂದುಕೊಂಡೆ, ಗುಂಡಿಯ ಅಂಚಿನಲ್ಲಿ.
ದಾದಾಪೀರ್ ಕೋಲಿನ ತುದಿಯನ್ನು ಟವೆಲಿನಿಂದ ಒರೆಸುತ್ತಿದ್ದ.
‘ಅವತ್ತೇ ಕೂಗಿದ್ದೆ ಮೇಡಂ, ಜಾಗ ಸಾಲಂಗಿಲ್ಲ ಅಂತ.
ಗಾಜು ಏರಿಸಿದ್ರಿ.’
ಅಷ್ಟೇ ಅಂದ. ಕೋಲನ್ನು ನನ್ನ ಕೈಗೆ ಕೊಟ್ಟು
ಗುಂಡಿಗೆ ಇಳಿದ.

ಈಗಲೂ ಜಾಗವಿಲ್ಲ. ಬೇರೆ ಮಾಡಲಾರೆ ಇವನ್ನು.
ಒಂದಕ್ಕೆ ಹೊಸ ತುಂಡು, ಇನ್ನೊಂದಕ್ಕೆ ಕಾಂಕ್ರೀಟಿನ ಕವಚ,
ಬೆಳಗಿನವರೆಗೂ ನೀರು ಓಡಿಸಿ ಲೈನು ತೊಳೆದೆವು.
ಆರೂವರೆಗೆ ಬಾಟಲಿ ಹಳದಿಯಾಯಿತು, ತೆಳ್ಳಗೆ.
ಹೊಸ ಪುಟದಲ್ಲಿ ಬರೆದೆ: ಓಣಿ, 2.45 ಮೀ. ಟೇಪು ನಾನೇ ಹಿಡಿದೆ.
ಹಳೆಯ ಪುಟ ಹರಿಯುವ ಹಾಗಿಲ್ಲ, ನಿಯಮವಿದೆ.
ಇರಲಿ.

ರೆಹಮತ್‌ಬೀ ಪೇಪರಿನಲ್ಲಿ ಬಿಸಿ ಮಂಡಕ್ಕಿ ತಂದಳು,
ಇನ್ನೊಂದು ಕೈಯಲ್ಲಿ ಚೊಂಬು.
ಕೆಸರಿನ ಕೈ ಚಾಚಿದೆ.
‘ಕಾಸಿದ್ದು’ ಅಂದಳು,
ನಾನು ಕೇಳುವ ಮೊದಲೇ.