ಹಲ್ಲುನೋವಿನ ಎಣ್ಣೆ

ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಮಳಿಗೆಯಲ್ಲಿ
ಕಿತ್ತಳೆ ಆರಿಸುವುದು ನನ್ನ ಕೆಲಸ.
ಹನ್ನೊಂದು ವರ್ಷವಾಯಿತು. ಈಗ ಕಣ್ಣು ಬೇಕಿಲ್ಲ,
ಹೆಬ್ಬೆರಳೇ ಹೇಳುತ್ತದೆ:
ಇದು ಗಟ್ಟಿ, ಇದು ನಾಳೆಗೆ,
ಇದು ಇವತ್ತೇ ಜ್ಯೂಸಿನವನಿಗೆ.

ಬೂಷ್ಟು ಬರುವ ರೀತಿ ನನಗೆ ಗೊತ್ತು.
ಮೊದಲು ಸಿಪ್ಪೆಯ ಮೇಲೆ ನೀರಾಡಿದ ಕಲೆ,
ಮಾರನೆಯ ದಿನ ಬಿಳಿ ನವಿರು,
ಆಮೇಲೆ ಹಸಿರು ಹುಡಿ. ಮುಟ್ಟಿದರೆ
ಹೊಗೆಯಂತೆದ್ದು ಪಕ್ಕದ ಹಣ್ಣಿನ ಮೇಲೆ
ಸದ್ದಿಲ್ಲದೆ ಕೂರುತ್ತದೆ.
ಸಕಲೇಶಪುರದ ಲಾರಿ ಇಳಿಸುವಾಗ
ಒಂದು ಉಗುರು ತಾಗಿದ್ದು ಸಾಕು,
ಅದಕ್ಕೆ ಅದೇ ಬಾಗಿಲು.

ಕಾರೆಕೆರೆ ಕಾಲೇಜಿನ ಹುಡುಗಿ ಮೇಘಮಾಲಾ
ಶೀಶೆ ಹಿಡಿದು ಬಂದಳು. ಮುಚ್ಚಳ ತೆಗೆದಳೋ ಇಲ್ಲವೋ,
ನನ್ನ ಎಡದವಡೆ ನೆನಪಿನಿಂದಲೇ ಮಿಡಿಯಿತು.
'ಇದು ಹಲ್ಲುನೋವಿನ ಎಣ್ಣೆ ಕಣಮ್ಮ.'
'ಹೂಂ ಸಣ್ಣಕ್ಕ, ಲವಂಗದ್ದು. ಹಣ್ಣಿಗೂ ಆಗುತ್ತಾ ನೋಡೋಣ.'
ಖಲಂದರ್ ಸಾಬರು ನಕ್ಕರು:
'ಹಲ್ಲಿಲ್ಲದ ಹಣ್ಣಿಗೆ ಹಲ್ಲಿನ ಎಣ್ಣೆ!'
ನಕ್ಕರೂ ನಾಲ್ಕು ಪೆಟ್ಟಿಗೆ ಕೊಟ್ಟರು.

ಹತ್ತಿಯುಂಡೆಗೆ ಹನಿ ಎಣಿಸಿ ಹಾಕಿದಳು,
ಹಣ್ಣಿಗೆ ತಾಗದಂತೆ ಮೂಲೆಯಲ್ಲಿಟ್ಟು ಮುಚ್ಚಿದಳು.
ಎರಡಕ್ಕೆ ಎಣ್ಣೆ, ಎರಡಕ್ಕೆ ಬರಿಯ ಹತ್ತಿ.
ರಾತ್ರಿ ಊಟಕ್ಕೆ ಕೂತರೆ
ನನ್ನ ಹುರುಳಿ ಸಾರಿನಲ್ಲೂ ಲವಂಗ.

ಎಂಟನೆಯ ದಿನ ತೆರೆದೆವು.
ಬರಿಯ ಹತ್ತಿಯದರಲ್ಲಿ ಹಸಿರು ಹಾಸಿಗೆ.
ಎಣ್ಣೆಯದರಲ್ಲಿ ಅರವತ್ತಕ್ಕೆ ಐವತ್ತೈದು
ಲಾರಿಯಿಂದ ಈಗಷ್ಟೇ ಇಳಿದ ಹಾಗೆ.
ಹುಡುಗಿ ಕುಣಿಯುವುದೊಂದು ಬಾಕಿ.

ತಳ್ಳುಗಾಡಿಯಲ್ಲಿಟ್ಟು ಮಾರಲು ನಿಂತೆ.
ಬೇಲೂರು ಬಸ್ಸಿನ ಅವಸರದಲ್ಲಿದ್ದ ಮೇಷ್ಟ್ರೊಬ್ಬರು
ಹಣ್ಣು ಮೂಗಿಗೆ ಹಿಡಿದು, ಅಲ್ಲೇ ಇಟ್ಟರು:
'ಏನಮ್ಮಾ, ಬೀಡಾ ಅಂಗಡಿ ಕಿತ್ತಳೆನಾ ಇದು?'

ಅವಳ ಪುಸ್ತಕದಲ್ಲಿ ಗೆರೆ ಎಳೆದ ಮನೆಗಳಿದ್ದವು:
ದಿನ, ತೂಕ, ಕೊಳೆತದ್ದೆಷ್ಟು.
ಮೇಷ್ಟ್ರ ಮಾತಿಗೆ ಮನೆಯಿರಲಿಲ್ಲ.
ಅಂಚಿನಲ್ಲಿ, ಅಡ್ಡಡ್ಡ, ಬರೆದುಕೊಂಡಳು.

ಈಗ ಹನಿ ಅರ್ಧಕ್ಕಿಳಿದಿದೆ. ಮಾರುವ ಮುಂಚೆ
ಒಂದು ರಾತ್ರಿ ಮುಚ್ಚಳ ತೆಗೆದು ಗಾಳಿಗಿಡುತ್ತೇವೆ.
ಅರವತ್ತಕ್ಕೆ ಐವತ್ತು, ಕೆಲವು ಸಲ ನಲವತ್ತೆಂಟು.
ಒಳಗೇ ಕೆಟ್ಟು ಬಂದದ್ದನ್ನು ಯಾವ ಎಣ್ಣೆಯೂ ತಿದ್ದದು.
ಇನ್ನೂ ಮೊಳೆಯದ ಹುಡಿಗೆ ಮಾತ್ರ
'ಸ್ವಲ್ಪ ತಾಳು' ಅನ್ನುತ್ತದೆ, ಅಷ್ಟೆ.
ಹಾಗಾಗಿ ನನ್ನ ಹೆಬ್ಬೆರಳಿಗೆ ರಜೆಯಿಲ್ಲ.

ನಿನ್ನೆ ಅವಳಿಗೆ ಹೇಳಿದೆ:
ಎಣ್ಣೆ ಆಮೇಲಾಯಿತು, ಮೊದಲು
ಹಣ್ಣು ಮುಟ್ಟುವವರ ಉಗುರು ನೋಡು.
ನಗಲಿಲ್ಲ. ಇವತ್ತು ಶೀಶೆಯ ಪಕ್ಕ
ಹೊಸ ನೇಲ್‌ಕಟರ್ ಇಟ್ಟಿದ್ದಾಳೆ.
ಮೊದಲು ಕೈ ಚಾಚಬೇಕಾಗಿ ಬಂದದ್ದು
ನಾನೇ.