ಎಷ್ಟು ಲೋಡು ಹಾಕ್ತೀರಿ

ಹಾಸನದ ಬೇಲೂರು ರಸ್ತೆಯ ಅಂಗಡಿಯಲ್ಲಿ
ಹಂಸ ಕಾಕ ಮೊದಲು ನನ್ನ ಮುಖ ನೋಡಲಿಲ್ಲ.
ಕುಕ್ಕರಗಾಲಲ್ಲಿ ಕೂತು
ಪಿಕಪ್ಪಿನ ಹಿಂದಿನ ಚಕ್ರಕ್ಕೆ ಕೈ ಹಾಕಿದರು,
ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರ ಹಾಗೆ.

"ಎಷ್ಟು ಲೋಡು ಹಾಕ್ತೀರಿ?"
"ಆರ್‌ಸಿಲಿ ಬರೆದಷ್ಟು. ಒಂದೂಕಾಲು ಟನ್ನು."

ಕಾಕ ಒಂದು ರೂಪಾಯಿ ಬಿಲ್ಲೆ ತೆಗೆದು
ಗೀರಿನೊಳಗೆ ನಿಲ್ಲಿಸಲು ನೋಡಿದರು.
ನಿಲ್ಲಲಿಲ್ಲ.
ಎರಡೂ ಅಂಚು ನುಣ್ಣಗೆ ಸವೆದು
ನಡು ಮಾತ್ರ ಅಷ್ಟೋ ಇಷ್ಟೋ ಉಳಿದಿತ್ತು.
"ಕಾಗದ ಒಂದೂಕಾಲು ಅಂತದೆ, ರಬ್ಬರು ಎರಡು ಅಂತದೆ.
ನಾನು ಯಾರನ್ನ ನಂಬಲಿ?"

ಅತ್ತಿಗೆ ಸಾವಂತ್ರಮ್ಮ ಕ್ಯಾಬಿನ್ನಿಂದ ಇಳಿದರು,
ಕಂಕುಳಲ್ಲಿ ಶಾಮಿಯಾನದ ಲೆಕ್ಕದ ಪುಸ್ತಕ.
"ಇವನನ್ನೇನು ಕೇಳ್ತೀರಿ, ಬರ್ಕಳಿ.
ಕುರ್ಚಿ ಮುನ್ನೂರು, ಕಬ್ಬಿಣದ ಕಂಬ ಅರವತ್ತು,
ಹಂಡೆ ನಾಕು, ಜನರೇಟರು,
ಸ್ಟೇಜು, ಅದರ ಕೆಂಪು ಸೋಫ,
ಸೋಫದ ಮೇಲೆ ಅಡುಗೆಯವರು ಎಂಟು ಜನ.
ಇದು ಮದುವೆಗೆ. ತಿಥಿಯಾದರೆ ಅರ್ಧ."

ಕಾಕ ಮೂರು ಟೈರು ಉರುಳಿಸಿಕೊಂಡು ಬಂದರು.
ಒಂದಕ್ಕೆ ಬೆರಳುದ್ದದ ಕೆಸರಿನ ಹಲ್ಲು.
ನಿಜ ಹೇಳಬೇಕೆಂದರೆ ನನಗೆ ಅದೇ ಬೇಕಿತ್ತು,
ನಿಂತಲ್ಲೇ ಗಾಡಿ ಗುರುಗುಟ್ಟುವ ಹಾಗೆ ಕಾಣುತ್ತದೆ.
"ವರ್ಷಕ್ಕೆ ಎಷ್ಟು ದಿನ ಕೆಸರು ತುಳೀತೀರಿ?"
ಯೋಚಿಸಿದೆ. ಮೂಡಿಗೆರೆ ಕಡೆ ಎರಡು ಮದುವೆ.
ಶುಂಠಿ ಹೊಲದಲ್ಲಿ ಹಾಕಿದ್ದ ಒಂದು ಪೆಂಡಾಲು.
"ಮಿಕ್ಕ ದಿನ ಡಾಂಬರಿನ ಮೇಲೆ ಊಳಿಡ್ತದೆ,
ಡೀಸೆಲ್ಲೂ ಕುಡೀತದೆ."

ಇನ್ನೊಂದು ರೀಸೋಲು, ಹಳೆ ಮೈಗೆ ಹೊಸ ಚರ್ಮ.
ಅತ್ತಿಗೆ ಮೂಸಿ ನೋಡಿ ಆಚೆ ತಳ್ಳಿದರು.

ಮೂರನೆಯದು ಸಪ್ಪೆ. ಉದ್ದುದ್ದ ನಾಲ್ಕು ಗೀರು,
ಹತ್ತು ಪ್ಲೈ, ದಪ್ಪ ಪಕ್ಕೆ.
ಪಕ್ಕೆಯಲ್ಲಿ ಜಾತಕದಂತೆ ನಾಲ್ಕು ಅಂಕಿ:
ಮೊದಲೆರಡು ವಾರ, ಕೊನೆಯೆರಡು ವರ್ಷ.
ಅತ್ತಿಗೆ ಬೆರಳ ಗೆಣ್ಣು ಎಣಿಸಿದರು.
ಇಪ್ಪತ್ತೊಂಬತ್ತನೇ ವಾರ.
"ಅಯ್ಯೋ, ಆಷಾಢದಲ್ಲಿ ಹುಟ್ಟಿದ್ದು!"
"ಆಷಾಢದಲ್ಲಿ ಕೆಲಸ ಇಲ್ಲದಿರೋದು ನಿಮಗೆ, ಅಮ್ಮ.
ಫ್ಯಾಕ್ಟರಿಗಲ್ಲ."

ಆಮೇಲೆ ಸ್ಟೆಪ್ನಿ ಇಳಿಸಿದರು.
ಏಳು ವರ್ಷ ಗಾಡಿಯ ಹೊಟ್ಟೆಗೆ ನೇತುಬಿದ್ದು
ನೆಲ ಮುಟ್ಟದೆ ಊರೂರು ಸುತ್ತಿದ್ದು.
ಮೈಮೇಲೆ ಹುಟ್ಟುಗೂದಲು ಹಾಗೇ ಇತ್ತು,
ಪಕ್ಕೆಯೆಲ್ಲ ಬಿರುಕು.
ಉರುಳದೆಯೂ ಮುದಿಯಾಗಬಹುದೆಂದು
ಐವತ್ತೆರಡಾದ ನನಗೆ
ಅಲ್ಲಿಯತನಕ ಹೊಳೆದಿರಲಿಲ್ಲ.

ದುಡ್ಡು ಇದ್ದದ್ದು ಎರಡಕ್ಕೆ.
"ಮುಂದಕ್ಕೆ ಹಾಕಿ" ಎಂದೆ,
ಸ್ಟೇರಿಂಗು ಹಿಡಿಯುವವನು ನಾನಲ್ಲವೆ.
"ಹಿಂದಕ್ಕೆ" ಎಂದರು ಕಾಕ.
"ಮುಂದೆ ಜಾರಿದರೆ ನಿಮ್ಮ ಕೈಗೆ ಗೊತ್ತಾಗ್ತದೆ.
ಹಿಂದೆ ಜಾರಿದ್ದು ಗೊತ್ತಾಗೋದು
ಗಾಡಿ ಬಂದ ದಾರಿಗೇ ಮುಖ ಮಾಡಿ ನಿಂತಾಗ."
ಸ್ಟೆಪ್ನಿಯ ಜಾಗಕ್ಕೆ
ಇದ್ದುದರಲ್ಲಿ ಒಳ್ಳೆಯ ಹಳೆಯದನ್ನು ಕಟ್ಟಿಕೊಟ್ಟರು.

ಅಡಗೂರಿನವರೆಗೂ ಹೊಸ ಟೈರು ಸದ್ದು ಮಾಡಲಿಲ್ಲ.
ನಾನೂ ಮಾಡಲಿಲ್ಲ.

ಬೆಳಗಿನ ನಾಲ್ಕಕ್ಕೆ ಜಾವಗಲ್ಲಿನ ಮದುವೆಗೆ ಲೋಡು.
ಹಗ್ಗ ಬಿಗಿದು ತಿರುಗಿದರೆ
ಅತ್ತಿಗೆ ಟಾರ್ಚು ಹಿಡಿದು ಹಿಂದೆ ಬಗ್ಗಿದ್ದಾರೆ,
ನೆಲಕ್ಕೆ ಒತ್ತಿ ಉಬ್ಬಿದ ಪಕ್ಕೆಯ ಮೇಲೆ ಬೆಳಕು.
"ಇಳಿಸು."
"ಏನು ಇಳಿಸ್ಲಿ?"
"ಕುರ್ಚಿ. ಎರಡನೇ ಟ್ರಿಪ್ ಹೊಡಿ."

ಗಂಡಿನ ಕಡೆಯವರು ಬೇಗ ಬಂದುಬಿಟ್ಟರು.
ನೂರಿಪ್ಪತ್ತು ಜನ
ನಿಂತೇ ಕಾಫಿ ಕುಡಿದರು.